ಸೊಲ್ಲಾಪುರದ ಡಬ್ಬಿ

ಇಡೀ ಆಳಂದದ ಬುದ್ಧಿಯೆಲ್ಲ ತಮ್ಮೊಬ್ಬರ ತಲೆಯಲ್ಲೇ ಬಿಡಾರ ಹೂಡಿದೆ ಎಂದು ಶಾಂತಲಿಂಗಪ್ಪನವರ ಗಟ್ಟಿ ನಂಬಿಕೆ. (ಮೊಲ ಸಾಕಿ, ಸೋಡಾ ಮಾಡಿ, ಎರಡರಲ್ಲೂ ಕೈ ಸುಟ್ಟುಕೊಂಡರೂ ಆ ನಂಬಿಕೆಗೆ ಮಾತ್ರ ಬೊಬ್ಬೆ ಎದ್ದಿರಲಿಲ್ಲ.) ಈ ಸಲ ಅವರು ಸೊಲ್ಲಾಪುರದಿಂದ ಒಂದು ಮೂಟೆ ಪ್ಲಾಸ್ಟಿಕ್ ಡಬ್ಬಿ ಹೊತ್ತು ತಂದರು. ಒಳಗಿನದೆಲ್ಲ ಹೊರಗೆ ಕಾಣುತ್ತಿತ್ತು. ಮುಚ್ಚಳ ತಳಕ್ಕೇ ಅಂಟಿಕೊಂಡಿದ್ದು, ಮಡಚಿದರೆ ಟಕ್ಕೆಂದು ಕೂಡುತ್ತಿತ್ತು.

"ನಿನ್ನ ಶೇಂಗಾ ಹೋಳಿಗಿ ಇದರಾಗ ಇಟ್ಟು ಬಸ್ ಸ್ಟ್ಯಾಂಡಿನ ಮೌಲಾಲಿ ಅಂಗಡ್ಯಾಗ ಮಾರೋಣು. ತಿನ್ನಬೇಕು, ಡಬ್ಬಿ ಒಗೀಬೇಕು. ಟಿ.ವ್ಯಾಗ ನೋಡೇನಿ, ಮುಂಬೈದಾಗ ಹಿಂಗೇ ನಡದದ."

"ಇಂಥಾ ಚಂದ ಡಬ್ಬಿ ಯಾರು ಒಗೀತಾರ್ರಿ?" ಎಂದರು ಹೆಂಡತಿ ಗೌರಾಬಾಯಿ.

"ನಿನಗ ಧಂದೆ ತಿಳಿಯಂಗಿಲ್ಲ, ಸುಮ್ಮನಿರು."

"ಸುಮ್ಮನಿರ್ತೇನಿ. ಆದ್ರ ಇದೂ ಮುಳುಗಿತಂದ್ರ ಈ ಮನ್ಯಾಗ ನೀವು ಮತ್ತ ಧಂದೆದ ಮಾತು ಎತ್ತಬಾರ್ದು. ಒಪ್ಪಿಗಿ ಇದ್ರ ಹೇಳ್ರಿ, ಒಲಿ ಹಚ್ತೇನಿ."

ಶಾಂತಲಿಂಗಪ್ಪನವರು ಮೀಸೆಯ ಮೇಲೆ ಕೈಯಿಟ್ಟು ಒಪ್ಪಿದರು.

ಹೋಳಿಗೆ ಸಂಜೆಯೊಳಗೆ ಖರ್ಚಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಹಿಂದಿನ ಓಣಿಯ ಚಾಂದಬೀ ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಅದೇ ಡಬ್ಬಿ! ಅವಳ ಬೆನ್ನಿಗೆ ದ್ರೌಪದಿ, ಅವಳ ಕೈಯಲ್ಲೂ ಡಬ್ಬಿ. ಇನ್ನೂ ನಾಲ್ಕಾರು ಹೆಂಗಸರು ಡಬ್ಬಿ ಹಿಡಿದು ಇತ್ತಲೇ ಬರುತ್ತಿದ್ದರು. ಶಾಂತಲಿಂಗಪ್ಪನವರು ಬರುತ್ತಿದ್ದ ಡಬ್ಬಿಗಳನ್ನು ಎಣಿಸಿದರು. ಅಯ್ಯೋ ಶಿವನೇ, ಮಾಲು ವಾಪಸ್! ಶೇಂಗಾ ಮುಗ್ಗಲಾಗಿತ್ತೇ? ಅವರು ಮರ್ಯಾದೆಸಮೇತ ಜೋಳದ ಚೀಲಗಳ ಹಿಂದೆ ಭೂಗತರಾದರು.

ಅಲ್ಲಿಗೆ ಕೇಳಿಬಂದ ಮಾತೇ ಬೇರೆ.

"ತಗೋರಿ ಗೌರಕ್ಕ, ನಿಮ್ಮ ಡಬ್ಬಿ. ಮೌಲಾಲಿ ಕೈಯಾಗ ಕೊಟ್ರ ಎಲ್ಲಿ ಕಳೀತಾನೋ ಅಂತ ನಾನೇ ತಂದೇನಿ," ಎಂದಳು ಚಾಂದಬೀ. "ಖಾಲಿ ಡಬ್ಬಿ ಹ್ಯಾಂಗ ಕೊಡೋದು? ಉಪ್ಪಿನಕಾಯಿ ಹಾಕೇನಿ."

ದ್ರೌಪದಿ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ತುಂಬಿ ತಂದಿದ್ದಳು. ಮಿಕ್ಕವರ ಡಬ್ಬಿಗಳಲ್ಲಿ ಸಂಡಿಗೆ, ಹಪ್ಪಳ, ಹುಣಸೆ ತೊಕ್ಕು. ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಕೆಟ್ಟ ರೂಢಿ ಆಳಂದದ ಯಾವ ಓಣಿಯಲ್ಲೂ ಇರಲಿಲ್ಲ. ಅಂಥ ಡಬ್ಬಿಯನ್ನು ಪುಕ್ಕಟೆ ಬಿಟ್ಟುಕೊಡುವ ಹುಚ್ಚರೂ ಇರುತ್ತಾರೆಂದು ಯಾರಿಗೂ ಅನಿಸಿರಲಿಲ್ಲ.

ಗೌರಾಬಾಯಿ ಉಪ್ಪಿನಕಾಯಿ ನಾಲಿಗೆಗಿಟ್ಟು ಕಣ್ಣರಳಿಸಿದರು. "ಚಾಂದಬೀ, ಇದು ಅಂಗಡ್ಯಾಗ ಇಟ್ರ ನನ್ನ ಹೋಳಿಗಿಗಿಂತ ಮೊದಲು ಹೋಗ್ತದ. ದ್ರೌಪದಿ, ಹಿಂಡಿ ನೀ ಕುಟ್ಟು. ಎಲ್ಲಾರೂ ಕೂಡಿ ಮಾಡೋಣು, ಡಬ್ಬಿ ಹ್ಯಾಂಗೂ ತಿರುಗಿ ಬರ್ತಾವ."

"ನನ್ನ ಉಪ್ಪಿನಕಾಯಿ ಬಸ್ ಹತ್ತಿ ಅಫಜಲಪುರ, ಜೇವರ್ಗಿ ತನಕ ಹೋಗ್ತದೇನ್ರೀ!" ಎಂದ ಚಾಂದಬೀಗೆ ಖುಷಿಯಿಂದ ಕಣ್ಣೇ ತುಂಬಿಬಂತು.

ಶಾಂತಲಿಂಗಪ್ಪನವರು ಮೈಯ ಜೋಳದ ಧೂಳು ಕೊಡವುತ್ತ ಪ್ರಕಟವಾದರು. "ಅಂದ್ರ ಧಂದೆ ಮುಳುಗಲಿಲ್ಲ! ಮ್ಯಾನೇಜರ್ ನಾನೇ, ಹೌದಿಲ್ಲೋ?"

"ಹೌದ್ರಿ, ನೀವೇ. ನಿಮಗ ಕೆಲಸ ಪಕ್ಕಾ," ಎಂದರು ಗೌರಾಬಾಯಿ.

ಮುಂದೊಂದು ದಿನ ಮಾಲು ಒಯ್ಯಲು ಬಂದ ಮೌಲಾಲಿ ಬಚ್ಚಲ ಕಡೆ ಇಣುಕಿದ. ಧೋತರ ಮೇಲೆ ಕಟ್ಟಿ, ರಾಶಿ ಡಬ್ಬಿಗಳ ನಡುವೆ ಶಾಂತಲಿಂಗಪ್ಪನವರು ಕುಕ್ಕರಗಾಲಲ್ಲಿ ಕೂತಿದ್ದರು.

"ಧಂದೆ ಹ್ಯಾಂಗ ನಡದದ್ರಿ, ಸಾಹುಕಾರ್ರ?"

"ಭಾಳ ಜೋರ ನಡದದ ನೋಡಪಾ. ಎಲ್ಲಾ ನನ್ನ ಕೈಯಾಗೇ ಅದ," ಎಂದು ಅವರು ಎದೆ ಸೆಟೆಸುವಷ್ಟರಲ್ಲಿ ಒಳಗಿನಿಂದ ಒಂದು ಡಬ್ಬಿ ವಾಪಸ್ ಬಂದು ಮುಂದೆ ಬಿತ್ತು. ಅದರ ಬೆನ್ನಿಗೇ ಗೌರಾಬಾಯಿಯ ದನಿ.

"ಮ್ಯಾನೇಜರ್ರ, ಮಡಚೋ ಸಂದ್ಯಾಗ ಎಣ್ಣಿ ಹಂಗೇ ಅದ. ಇನ್ನೊಮ್ಮೆ ತಿಕ್ಕ್ರಿ!"