ಹೊಗೆ ಪೈಪಿಗೆ ಆಳು ಯಾಕೆ ಬೇಕು?

ಸಿಂದಗಿಯ ನಮ್ಮ ಮನೆಯಲ್ಲಿ ಹೆಂಡತಿ ಗಿರಿಜಾ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಅವಳಿಗೆಂದು ಇಂಡಿ ಪೇಟೆಯಿಂದ ಹೊಸ ಒಲೆ ತಂದೆವು. ತೊಗರಿ ಕಟ್ಟಿಗೆ ಪುಡಿ ಮಾಡಿ ಒತ್ತಿದ ಗುಳಿಗೆಗಳೇ ಅದರ ಉರುವಲು. ಹೊಗೆ ಹೋಗಲು ತಗಡಿನ ಪೈಪು. ಕೂಡಿಸಲು ಆಳು ಕಳಿಸುತ್ತೇನೆಂದ ಅಂಗಡಿಯವನಿಗೆ, "ಪೈಪಿಗೆ ಪೈಪ್ ಕೂಡಸೂದು ಏನ್ ದೊಡ್ಡ ವಿದ್ಯಾರಿ?" ಎಂದು ನಕ್ಕು ಬಂದೆ.

ಮೊದಲು ಪೈಪನ್ನು ಪಡುವಣ ಕಿಟಕಿಯಿಂದ ಹೊರಗೆ ಹಾಯಿಸಿದೆ. ಗಾಳಿಯೂ ಅದೇ ದಿಕ್ಕಿನದು. ಹೋದ ಹೊಗೆ ಹೋದಷ್ಟೇ ವೇಗದಲ್ಲಿ ಮನೆಗೆ ಮರಳಿತು. ಪೈಪಿನ ಸಂದುಗಳಿಂದಲೂ ಸೋರತೊಡಗಿತು. ಗೋಧಿ ಹಿಟ್ಟು ಕಲಸಿ ಸಂದುಗಳಿಗೆ ಮೆತ್ತಿದೆ. ಹಿಟ್ಟು ಚೆನ್ನಾಗಿ ಬೆಂದಿತು. ಹೊಗೆ ನಿಲ್ಲಲಿಲ್ಲ.

"ರೀ, ಆ ಅಂಗಡಿಯವಂಗ ಫೋನ್ ಹಚ್ರಿ," ಎಂದಳು ಗಿರಿಜಾ, ಸೆರಗಿನಿಂದ ಕಣ್ಣೊರೆಸುತ್ತ.

"ನೀ ಸುಮ್ನಿರು. ದಿಕ್ಕು ಬದಲಿಸಿದ್ರ ಮುಗೀತು."

ಹೊರಗಿನ ತುದಿಗೆ ಎಲ್ಬೋ ಎಂಬ ಬಾಗಿದ ತುಂಡು ಹಾಕಿ ಪಕ್ಕಕ್ಕೆ ತಿರುಗಿಸಿದೆ. ಅಡುಗೆಮನೆ ತಿಳಿಯಾಯಿತು. ಗೆದ್ದವನಂತೆ ಕೂತು ಚಹಾ ಕೇಳಿದೆ. ಚಹಾಕ್ಕಿಂತ ಮೊದಲು ಪಕ್ಕದ ಮನೆಯ ನೀಲವ್ವಕಾಕು ಬಂದರು. ಮಾಳಿಗೆ ಮೇಲೆ ಒಣಹಾಕಿದ್ದ ಅವರ ಶಾವಿಗೆ ಕೈಯಲ್ಲಿತ್ತು, ಕಪ್ಪಗೆ.

"ಸರ್, ಇದನ್ನ ಬಸಿದು ಉಣ್ಣೂದೋ, ದೃಷ್ಟಿ ದಾರ ಅಂತ ಕೊಳ್ಳಾಗ ಕಟ್ಕೊಳ್ಳೂದೋ?"

ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ಅವರಿಗೆ ಭರವಸೆಯಿತ್ತೆ. ಕ್ರಮವೆಂದರೆ, ಪೈಪನ್ನು ಬೆಳಕಿಂಡಿಯಿಂದ ನೇರ ಮಾಳಿಗೆ ಮೇಲಕ್ಕೆ ಏರಿಸಿ, ಸುತ್ತ ಸಿಮೆಂಟು ಮೆತ್ತಿದ್ದು.

ಮರುದಿನ ಇಂಗಳೇಶ್ವರದ ಮದುವೆ ಮನೆಗೆ ರೊಟ್ಟಿ ಕೊಡಬೇಕಿತ್ತು. ಗಿರಿಜಾ ಹಿಟ್ಟು ನಾದಿದಳು, ನಾನು ಒಲೆ ಹೊತ್ತಿಸಿದೆ. ಮೇಲೆ ಒಂದೆಳೆ ಹೊಗೆಯೂ ಹೋಗಲಿಲ್ಲ. ಎಲ್ಲ ಸಂದುಗಳೂ ಒಮ್ಮೆಲೇ ಬಾಯಿ ಬಿಟ್ಟವು.

"ಕಾರಣ ಹುಡುಕಾಕತ್ತೇನಿ," ಎಂದೆ, ಕೆಮ್ಮುತ್ತ.

ಗಿರಿಜಾ ಕಾಯಲಿಲ್ಲ. ಹಿಟ್ಟಿನ ಕೈಯಲ್ಲೇ ಮಾಳಿಗೆ ಏರಿ ಪೈಪಿನ ಬಾಯಿಂದ ಬಟ್ಟೆಯೊಂದನ್ನು ಎಳೆದಳು. ಒಳಗೆ ಸಿಮೆಂಟು ಬೀಳದಿರಲೆಂದು ನಾನೇ ತುರುಕಿ ಮರೆತದ್ದು. ಉತ್ತಮ ಶಿಕ್ಷಕನೆಂದು ನನಗೆ ಹೊದಿಸಿದ್ದ ಶಾಲು ಅದು. ಅರ್ಧ ಸುಟ್ಟಿತ್ತು.

ಹಿಂದೆಯೇ ಏರಿ ಬಂದ ನನ್ನ ಕೈಗೆ ಅದನ್ನು ಕೊಟ್ಟಳು. ಕೆಳಗೆ ಅಷ್ಟೊತ್ತಿಗೆ ಕಾಲಿಡದಷ್ಟು ಹೊಗೆ, ಮದುವೆ ಮನೆಯವರ ಫೋನು ಬೇರೆ.

ಪಕ್ಕದ ಮಾಳಿಗೆಯಿಂದ ನೀಲವ್ವಕಾಕು ಕೂಗಿದರು: "ಗಿರಿಜಾ, ಹಿಟ್ಟು ತಗೊಂಡು ನಮ್ಮ ಒಲಿಗೆ ಬಾರವ್ವ. ಸರ್‌ನ ಮಾತ್ರ ಕರ್ಕೊಂಡು ಬರಬ್ಯಾಡ."

ರೊಟ್ಟಿಗಳು ಹೊತ್ತಿಗೆ ಸರಿಯಾಗಿ ಇಂಗಳೇಶ್ವರ ಮುಟ್ಟಿದವು.

ಸೋಮವಾರ ಎಂಟನೆಯ ತರಗತಿಗೆ 'ಬಿಸಿ ಗಾಳಿ ಮೇಲಕ್ಕೇರುತ್ತದೆ' ಎಂಬ ಪಾಠವಿತ್ತು. ಮೊದಲ ಬೆಂಚಿನಲ್ಲಿ ನೀಲವ್ವಕಾಕುವಿನ ಮೊಮ್ಮಗಳು ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಮುಂದಿನ ಪಾಠ ತೆಗೆದೆ.