ಗುಳಿಗೆ ಬಿಟ್ಟು ಮೌನ ಹಿಡಿದೆ

ಲಾಠಿಗೆ ಬಗ್ಗದವನು, ಮುಚ್ಚಳಿಕೆಗೆ ಸಹಿ ಹಾಕದವನು, ಹದಿನಾರು ತಿಂಗಳು ಜೈಲಿನ ಹುಳುಕು ಜೋಳದ ರೊಟ್ಟಿ ಅರಗಿಸಿಕೊಂಡವನು, ಕಡಲೆಬೇಳೆಯಷ್ಟು ಗುಳಿಗೆಗೆ ಬಗ್ಗುವುದೇ? ನವಲಗುಂದದ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, "ರಕ್ತದೊತ್ತಡ ಏರೇತ್ರಿ. ದಿನಾ ಒಂದು ಗುಳಿಗಿ, ಜೀವ ಇರೂತನಕ" ಎಂದಾಗ ಅಲ್ಲೇ ತೀರ್ಮಾನಿಸಿದೆ. ಔಷಧಿಯಿಲ್ಲದೆ ನನ್ನ ರಕ್ತದೊತ್ತಡವನ್ನು ನಾನೇ ಇಳಿಸುತ್ತೇನೆ. ಜೈಲಿನಲ್ಲಿ ಜೊತೆಗಿದ್ದ ಕುಬೇರಪ್ಪ ಮಾಸ್ತರರು ಉಪಾಯ ಹೇಳಿಕೊಟ್ಟಿದ್ದರು: ಉಪ್ಪು ಬಿಡು, ಇಪ್ಪತ್ತೊಂದು ದಿನ ಬಾಯಿ ಮುಚ್ಚು.

ನಾನು ಬಾಯಿ ಮುಚ್ಚುವುದೆಂದರೆ ನಮ್ಮೂರು ಮೊರಬದ ಮಟ್ಟಿಗೆ ಅದೊಂದು ಐತಿಹಾಸಿಕ ಘಟನೆ! ತುರ್ತು ಪರಿಸ್ಥಿತಿ ಮುಗಿದು ಮನೆಗೆ ಬಂದ ಮೇಲೆ ಎರಡು ತಿಂಗಳು ಕಟ್ಟೆಯ ಮೇಲೆ ಜೈಲಿನ ಕಥೆಯೇ ಕಥೆ. ಹೆಂಡತಿ ರೇವವ್ವ ಬಂದವರಿಗೆಲ್ಲ ಚಹಾ ಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ನಾನು ಒಳಗಿದ್ದಾಗಲೇ ನಮ್ಮ ಏಳು ವರ್ಷದ ನೀಲವ್ವ ವಿಷಮಜ್ವರದಲ್ಲಿ ಹೋಗಿದ್ದಳು. ಆ ಮಾತೊಂದನ್ನು ನಾವಿಬ್ಬರೂ ಎತ್ತಿರಲಿಲ್ಲ. ಮಂದಿ ಕರಗಲಿ ಎಂದು ರೇವವ್ವ ಕಾದಿದ್ದಳೆಂಬುದು ಈ ತಲೆಗೆ ಹೊಳೆಯಲಿಲ್ಲ. ಮಂದಿ ಕರಗಿತು, ನಾನು ಮೌನ ಹಿಡಿದೆ.

ಮೊದಲ ದಿನ ಪಾಟಿಯ ಮೇಲೆ ಬಳಪದಿಂದ ದಪ್ಪಗೆ ಬರೆದೆ: "ಸಾರಿಗೆ ಉಪ್ಪು ಬೇಡ." ರೇವವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟಳು. ಅವಳಿಗೆ ಓದು ಬಾರದು. ಕೂಲಿಕಾರರಿಗೆ ರಾತ್ರಿ ಶಾಲೆ ನಡೆಸಿದ ಮಹಾಶಯ ನಾನು. ಸ್ವಂತ ಹೆಂಡತಿಗೆ ಒಂದಕ್ಷರ ಕಲಿಸಲು ಪುರಸೊತ್ತು ಸಿಕ್ಕಿರಲಿಲ್ಲ. ನಾಲ್ಕು ಮನೆ ಆಚೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಜಮಾಲಬಿ ಇದ್ದಳು. ಅವಳು ಓದಿದ್ದು ಓಣಿಗೆಲ್ಲ ಕೇಳುವಂತೆ. ರೇವವ್ವ ಮರಳುವ ಹೊತ್ತಿಗೆ ಸಾರು ಆರಿತ್ತು. ಉಪ್ಪು ಮೊದಲೇ ಬಿದ್ದಿತ್ತು.

ಎಂಟು ದಿನದಲ್ಲಿ ನನ್ನ ಸಂಸಾರ ಊರಿನ ನೋಟೀಸ್ ಬೋರ್ಡಾಯಿತು. ಒಂದು ಬೆಳಿಗ್ಗೆ "ಹೊಟ್ಟೆ ಕಟ್ಟಿದೆ" ಎಂದು ಬರೆದೆ. ಸಂಜೆಯೊಳಗೆ ಏಳು ಮನೆಯಿಂದ ಹರಳೆಣ್ಣೆ ಬಂತು. ಶಂಕ್ರಪ್ಪ ಕಾಕಾ ಕಟ್ಟೆ ಹತ್ತಿ, "ಏನ್ಲೇ ಲೀಡರ, ಸರಕಾರ ಇಳಿಸಿದವಂಗ ಇದೊಂದ ಇಳಸಾಕ ಆಗವಲ್ದೇನು?" ಎಂದು ಕೇಳಿದ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ನೆತ್ತಿಯಲ್ಲಿ ರಕ್ತ ಡೊಳ್ಳು ಬಾರಿಸಿತು.

ಹದಿಮೂರನೆಯ ದಿನ ಬಳಪ ಮುರಿಯುವಂತೆ ಬರೆದೆ: "ಮನೆ ಮಾತು ಮಂದಿ ಕೈಲಿ ಓದಿಸಲು ನಾಚಿಕೆಯಾಗುವುದಿಲ್ಲವೇ?"

ರೇವವ್ವ ಅದನ್ನೂ ಓದಿಸಿಕೊಂಡು ಬಂದಳು.

ಈ ಸಲ ಅಡಿಗೆಮನೆಗೆ ಹೋಗಲಿಲ್ಲ. ನನ್ನೆದುರು ಕುಳಿತಳು.

"ನಾಚಿಕಿ ಹೋಗಿ ಭಾಳ ದಿನಾತ್ರಿ. ಜೈಲಿನಿಂದ ನೀವು ಬರದ ಕಾಗದ ಎಲ್ಲಾ ಜಮಾಲಬೀನ ಓದಿದ್ಲು. ಕೂಸು ಹ್ವಾದ ಮ್ಯಾಲೆ ಬರದದ್ದೂ ಅಕೀನ ಓದಿದ್ಲು. 'ಧೈರ್ಯ ತಂದುಕೋ' ಅಂತ ಓದಿ ಅಕೀನ ಅತ್ಲು. ನಾನ ಅಕೀಗೆ ಸಮಾಧಾನ ಮಾಡಿದ್ನಿ. ನೀವು ಬಂದ ಮ್ಯಾಲೆ ನಿಮ್ಮ ಬಾಯಿಲೆ ಒಂದೀಟು ಕೇಳೂಣು ಅಂತ ಕುಂತಿದ್ನಿ. ನೀವು ನೋಡಿದ್ರ ಬಾಯಿಗೆ ಕೀಲಿ ಹಾಕ್ಕೊಂಡ್ರಿ."

ಎಂಟು ದಿನ ಬಾಕಿಯಿದ್ದ ಮೌನ ಅಲ್ಲಿಗೆ ಮುರಿಯಿತು. ಮೈಕಿಲ್ಲದೆ ಮೂರು ಸಾವಿರ ಮಂದಿಗೆ ಕೇಳಿಸುತ್ತಿದ್ದ ಗಂಟಲಿನಿಂದ ಹೊರಟದ್ದು ಗೊಗ್ಗರು ದನಿ.

"ನೀಲವ್ವ... ನನ್ನ ಕೇಳಿದ್ಲೇನು?"

"ಕೇಳಿದ್ಲು. ಅಪ್ಪಾ ಎಲ್ಲಿ ಅದಾನ ಅಂದ್ಲು. ಭಾಷಣಾ ಮಾಡಾಕ ಹೋಗ್ಯಾನವಾ, ಮುಗಿಸಿ ಬರ್ತಾನ ಅಂದ್ನಿ."

ರೇವವ್ವ ಪಾಟಿಯನ್ನು ಸೆರಗಿನಿಂದ ಒರೆಸಿದಳು.

"'ಅಪ್ಪಂದು ಲಗೂ ಮುಗಿಯೂದಿಲ್ಲಬೇ, ನಾ ಮಕ್ಕೋತೀನಿ' ಅಂದ್ಲು."