ಹತ್ತನೇ ಉಗುರಿನ ಬನ್ನಿ

ದಿನಾ ಹೊಸ್ತಿಲ ಮುಂದೆ ರಂಗೋಲಿ ಹಾಕುವವಳಿಗೆ ಉಗುರಿನ ಮೇಲೆ ಚಿತ್ರ ಬರೆಯುವುದು ಯಾವ ಮಹಾ ವಿದ್ಯೆ? ಹೀಗೆಂದು ನಾನು ಮುಂಬಯಿಯ ಮುಲುಂಡ್ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಸಮಸ್ತರ ಸಮಕ್ಷಮದಲ್ಲಿ ಘೋಷಿಸಿದೆ. ಆಗಲೇ ಯಾರಾದರೂ ನನ್ನ ಬಾಯಿ ಮುಚ್ಚಿಸಬೇಕಿತ್ತು!

ವಿಷಯ ಸುಮಿತ್ರಕ್ಕನದು. ಧಾರವಾಡದ ಕಡೆಯವರು, ಮೂವತ್ತು ವರ್ಷ ಇದೇ ಗಾಡಿಯಲ್ಲಿ ಆಫೀಸಿಗೆ ಹೋದವರು. ನವಮಿಯ ಸೋಮವಾರ ಅವರ ಕೆಲಸದ ಕಡೆಯ ದಿನ. ನಾನು ಮದುವೆಯಾಗಿ ಕುಂದಾಪುರದಿಂದ ಬಂದ ಹೊಸತರಲ್ಲಿ, ದಾದರಿನ ನೂಕುನುಗ್ಗಲಲ್ಲಿ ಇಳಿಯಲಾಗದೆ ಅಳುತ್ತಾ ನಿಂತಿದ್ದಾಗ ಕೈ ಹಿಡಿದು ಎಳೆದು ಇಳಿಸಿದ್ದು ಅವರೇ. ಅವರು ಇನ್ನೂ ಮುಂದೆ ಹೋಗಬೇಕಿತ್ತು, ನನಗಾಗಿ ಗಾಡಿಯನ್ನೇ ಬಿಟ್ಟರು. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಹಾಗಾಗಿ ಕಡೆಯ ದಿನದ ಫೋಟೋದಲ್ಲಿ ಅವರ ಕೈ ಮಿಂಚಬೇಕೆಂದು ನನ್ನ ಹಟ. ನವರಾತ್ರಿಗೆ ನಾವೆಲ್ಲ ದಿನಕ್ಕೊಂದು ಬಣ್ಣ ಉಡುತ್ತೇವಲ್ಲ, ಆ ಒಂಬತ್ತು ಬಣ್ಣ ಒಂಬತ್ತು ಉಗುರಿಗೆ. ಹತ್ತನೆಯದಕ್ಕೆ? ಅವರ ಊರಿನಲ್ಲಿ ದಸರೆಗೆ ಬನ್ನಿ ಎಲೆಯನ್ನು ಬಂಗಾರವೆಂದು ಹಂಚುತ್ತಾರಂತೆ. ಮಿಠಾಯಿ ಡಬ್ಬಿಯ ಬಂಗಾರದ ಕಾಗದದಲ್ಲಿ ಒಂದು ಪುಟ್ಟ ಬನ್ನಿ ಎಲೆ ಕತ್ತರಿಸಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಮಧ್ಯಾಹ್ನ ಸುಮಿತ್ರಕ್ಕ ನಮ್ಮ ಮನೆಗೆ ಬಂದು ಕೈ ಚಾಚಿದರು.

"ಏನವ್ವಾ, ಉಗುರು ಬಿಟ್ಟು ಬೆರಳಿಗೆಲ್ಲಾ ಹಚ್ಚಾಕತ್ತೀ?"

"ಹೊರಗೆ ಹೋದದ್ದನ್ನು ಆಮೇಲೆ ಒರೆಸುವುದು ಅಕ್ಕ. ವಿಡಿಯೋದಲ್ಲಿ ಹಾಗೇ ಉಂಟು."

ಬೇಗ ಒಣಗಲಿ ಎಂದು ಫ್ಯಾನ್ ಜೋರು ಮಾಡಿದೆ. ಬನ್ನಿ ಎಲೆ ಹಾರಿ ಹಸಿರು ಉಗುರಿನ ಮೇಲೆ ಕೂತಿತು! ಅದನ್ನು ಕಿತ್ತೆ, ಹಸಿರೂ ಕಿತ್ತು ಬಂತು. ಮತ್ತೆ ಹಸಿರು ಹಚ್ಚಿದೆ. ಇನ್ನು ಎಲೆಯನ್ನು ಭದ್ರವಾಗಿ ಅಂಟಿಸಲೇಬೇಕು. ವಿಡಿಯೋದವಳು ಹೇಳಿದ ಉಗುರಿನ ಅಂಟು ನನ್ನಲ್ಲಿರಲಿಲ್ಲ. ನಮ್ಮವರು ಚಪ್ಪಲಿಗೆ ಹಚ್ಚುವ ಅಂಟು ಇತ್ತು. ಒಂದು ಹನಿ ಸಾಕು ಎಂದು ಅದರ ಮೇಲೆ ಬರೆದಿತ್ತು. ಮನೆಗೆ ಬಂದವರಿಗೆ ಕಡಿಮೆ ಮಾಡಬಾರದೆಂದು ನಾನು ಮೂರು ಹನಿ ಹಾಕಿದೆ. ಅವರ ಬಲಗೈ ಕಿರುಬೆರಳಿನ ಮೇಲೆ ಎಲೆಯಿಟ್ಟು, ನನ್ನ ಹೆಬ್ಬೆರಳಿನಿಂದ ಒತ್ತಿ ಅರವತ್ತರವರೆಗೆ ಎಣಿಸಿದೆ.

ಎಲೆ ಅಂಟಿತು. ನಾನೂ ಅಂಟಿದೆ!

ಅಷ್ಟರಲ್ಲಿ ಬೆಲ್ ಆಯಿತು. ಇಬ್ಬರೂ ಜೋಡಿಯಾಗಿಯೇ ಹೋಗಿ ಬಾಗಿಲು ತೆಗೆದೆವು. ಬೈಕುಲ್ಲಾದಲ್ಲಿ ಹೋಟೆಲ್ ನಡೆಸುವ ನಮ್ಮವರು ನಮ್ಮ ಕೈಗಳನ್ನೇ ನೋಡಿದರು.

"ಎಂತ ಮಾರಾಯ್ತಿ ಇದು? ಧಾರೆ ಎರೆದಾಯ್ತಾ?"

ವಿಷಯ ತಿಳಿದದ್ದೇ ತೆಂಗಿನೆಣ್ಣೆ ಸುರಿದರು. ಏನೂ ಆಗಲಿಲ್ಲ. ಕಾವಲಿಗೆ ದೋಸೆ ಅಂಟಿದರೆ ಬಿಡಿಸಿ ಅಭ್ಯಾಸವಿದ್ದ ಮನುಷ್ಯ, ಗಂಭೀರವಾಗಿ ಒಳಗಿನಿಂದ ಸಟ್ಟುಗ ತಂದರು.

"ಮದಲ ಅದನ್ನ ಒಳಗ ಇಟ್ಟು ಬರ್ರಿ!" ಎಂದು ಸುಮಿತ್ರಕ್ಕ ಕೂಗಿದರು.

ನನಗೆ ಅಳುವೇ ಬಂತು. "ನಾಳೆ ನಿಮ್ಮ ಫೋಟೋ ಹಾಳಾಯ್ತು ಅಕ್ಕ."

ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. "ಅಳಬ್ಯಾಡ ಹುಚ್ಚಿ. ದಾದರಿನ್ಯಾಗ ನಾ ಹಿಡದ ಕೈ, ಇವತ್ತಿಗೂ ನೀ ಬಿಡವಲ್ಲಿ ನೋಡು. ಆ ಬಣ್ಣ ತೆಗಿಯೂ ರಿಮೂವರ್ ಐತಲ್ಲ, ಅದನ್ನ ಹಚ್ಚಿಸು."

ನಮ್ಮವರು ಹತ್ತಿಯಲ್ಲಿ ಹನಿಹನಿಯಾಗಿ ಹಚ್ಚಿದರು. ಕಡೆಗೂ ಬಿಡುಗಡೆಯಾಯಿತು. ಒಂಬತ್ತು ಬಣ್ಣ ಉಳಿದವು. ಹತ್ತನೇ ಉಗುರು ಮಾತ್ರ ಬೋಳು. ಬನ್ನಿ ಎಲೆ ನನ್ನ ಹೆಬ್ಬೆರಳಿನಲ್ಲಿತ್ತು, ಎಷ್ಟು ತಿಕ್ಕಿದರೂ ಜಪ್ಪಯ್ಯ ಅನ್ನಲಿಲ್ಲ.

ಸೋಮವಾರ ಡಬ್ಬಿಯಲ್ಲಿ ಫೋಟೋಗೆ ನಿಂತಾಗ ಯಾರೋ ಕೇಳಿಯೇಬಿಟ್ಟರು, "ಕಿರುಬೆರಳಿಗೆ ಏನೂ ಇಲ್ವಾ?" ನಾನು ಹಿಂದೆ ಸರಿದೆ. ಸುಮಿತ್ರಕ್ಕ ನನ್ನ ಕೈ ಎಳೆದು, ಆ ಹೆಬ್ಬೆರಳನ್ನು ತಮ್ಮ ಬೋಳು ಉಗುರಿನ ಪಕ್ಕಕ್ಕೇ ಹಿಡಿದರು.

"ನನ್ನ ಬನ್ನಿ ಇಕಿ ಕಡೆ ಐತಿ. ಬನ್ನಿ ತಗೊಂಡು ಬಂಗಾರದಂಗ ಇರೂಣು!"

ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ಅಳುತ್ತಿದ್ದೇನೆ. ದಾದರಿನಲ್ಲಿ ಆವತ್ತೂ ಅವರು ನನ್ನ ಕೈ ಹಿಡಿದು ಇಳಿದರು. ಅಂಥವರು ಸಿಕ್ಕಿದ್ದು ನನ್ನ ಪುಣ್ಯ.

ಆ ಪುಣ್ಯ ನನ್ನ ಆಫೀಸಿನ ಬಾಗಿಲವರೆಗೆ ಮಾತ್ರ. ಒಂದು ವಾರ ನಾನು ಹೆಬ್ಬೆರಳು ಇಟ್ಟಾಗಲೆಲ್ಲ ಹಾಜರಿ ಯಂತ್ರ "ಮತ್ತೆ ಪ್ರಯತ್ನಿಸಿ" ಎನ್ನುತ್ತಿತ್ತು. ಮತ್ತೆ ಪ್ರಯತ್ನಿಸಿದರೆ ಜಾಗ್ರತೆ ಎಂದು ನಮ್ಮವರು ಚಪ್ಪಲಿ ಅಂಟನ್ನು ಹೋಟೆಲಿಗೇ ಕೊಂಡುಹೋಗಿದ್ದಾರೆ!